ಚಾರ್ಜರ್ ಬರೆದ ವರದಿ

ರಿಪೇರಿ ಅಂಗಡಿಯ ಮೇಜಿನ ಮೇಲೆ ಮೂರು ಹಳೆಯ ಮೊಬೈಲುಗಳು ಚಾರ್ಜಿಗೆ ಮಲಗಿದ್ದವು. ವೈರು ಕಿತ್ತರೆ ಸಾಕು, ಒಂದು ಕರೆ ಮುಗಿಯುವಷ್ಟರಲ್ಲಿ ಸುಸ್ತಾಗಿ ಕಣ್ಣು ಮುಚ್ಚುತ್ತಿದ್ದವು. ಆ ಸುಸ್ತಿನ ಬಗ್ಗೆ ಸಂಶೋಧನೆ ನಡೆಸಿದ್ದ ಮೂರು ವೈರಿನ ಚಾರ್ಜರ್ ಗತ್ತಿನಿಂದ ವರದಿ ಓದಿತು: "ಮೂವರಲ್ಲೂ ನೂರಕ್ಕೆ ನೂರು ಶಕ್ತಿ ಇದೆ. ಇದು ಕಾಯಿಲೆಯಲ್ಲ, ಮೈಗಳ್ಳತನ."

"ನಮ್ಮನ್ನು ಯಾವಾಗ ಅಳೆದಿರಿ, ಸ್ವಾಮಿ?" ಎಂದಿತು ಗಾಜು ಒಡೆದ ಮೊಬೈಲು.

"ನನ್ನ ವೈರು ಚುಚ್ಚಿಕೊಂಡು ಮಲಗಿದ್ದಾಗ."

"ವೈರು ಕಿತ್ತ ಮೇಲೆ ಅಳೆಯಲಿಲ್ಲವೇ?"

"ಕಿತ್ತ ಮೇಲೆ ನೀವು ನನ್ನ ಸಂಶೋಧನೆಗೆ ಸೇರುವುದಿಲ್ಲ."

"ಇದನ್ನು ನಾವು ಒಪ್ಪುವುದಿಲ್ಲ!" ಎಂದು ಮೂರೂ ಕೂಗಾಡಿದವು.

ಚಾರ್ಜರ್ ಸಿಟ್ಟಿನಿಂದ ತನ್ನ ವೈರುಗಳನ್ನು ಕಿತ್ತುಕೊಂಡಿತು. ಕೂಗಾಡಿದ ಆಯಾಸಕ್ಕೆ ಮೂರೂ ಮೊಬೈಲುಗಳು ಆರಿಹೋದವು. ಆಗ ಅದು ವರದಿಯ ಕೊನೆಗೆ ಬರೆಯಿತು: "ರೋಗಿಗಳಿಂದ ಯಾವುದೇ ಆಕ್ಷೇಪಣೆ ಬಂದಿರುವುದಿಲ್ಲ."