ಬಿರುಕಿನ ಒರತೆ

ಹಿಮಾಲಯದ ಬುಡದಲ್ಲಿ, ನದಿಯೊಂದು ಬೆಟ್ಟ ಇಳಿದು ಬಯಲು ಸೇರುವ ಕಡೆ, ವಿಶ್ವಂಭರರೆಂಬ ಗುರುಗಳಿದ್ದರು. ಎಂದೋ ಆಗಿಹೋದ ಭೂಕಂಪಗಳ ಗುರುತನ್ನು ಮಣ್ಣಿನಲ್ಲಿ ಓದುವುದು ಅವರ ವಿದ್ಯೆ.

ಸುಕೇತು ಅವರನ್ನು ಹುಡುಕಿಕೊಂಡು ಬಂದ. ಅವನ ಊರು ನಡುಗಿದ ದಿನ ತಾಯಿ, ತಂಗಿ ಇಬ್ಬರೂ ಮನೆಯ ಗೋಡೆಯಡಿ ಸಿಕ್ಕಿ ಸತ್ತಿದ್ದರು.

"ಈ ನೆಲವನ್ನು ಜನ ತಾಯಿ ಅನ್ನುತ್ತಾರೆ, ಗುರುಗಳೇ. ನನಗೆ ಹಾಗನ್ನಲು ಬಾಯಿ ಬರುವುದಿಲ್ಲ."

"ಅನ್ನಬೇಡ," ಎಂದರು ಗುರುಗಳು. "ಅಗೆಯಲು ಬರುತ್ತದೋ?"

ಕೈಗೆ ಗುದ್ದಲಿ ಕೊಟ್ಟರು.

ಬೆಟ್ಟದ ಬುಡದಲ್ಲಿ ಒಂದು ಒರತೆಯಿತ್ತು. ಅದರ ಪಕ್ಕದಲ್ಲಿ ಇಬ್ಬರೂ ಸೇರಿ ಒಂದಾಳು ಆಳದ ಕಂದಕ ತೋಡಿದರು. ಕಂದಕದ ಗೋಡೆಯನ್ನು ಗುರುಗಳು ಸಣ್ಣ ಚಾಕುವಿನಿಂದ ಕೆರೆದು ನಯ ಮಾಡಿದರು. ಮಣ್ಣಿನ ಪದರಗಳು ಎದ್ದು ಕಂಡವು. ನದಿಯ ಗುಂಡುಕಲ್ಲು, ಅದರ ಮೇಲೆ ಮರಳು, ಅದರ ಮೇಲೆ ಜೇಡಿ. ಓರೆಯಾದ ಬಿರುಕೊಂದು ಅಷ್ಟನ್ನೂ ಸೀಳಿಕೊಂಡು ಮೇಲೇರಿತ್ತು. ತುದಿಯ ಕಪ್ಪುಮಣ್ಣನ್ನು ಮಾತ್ರ ಮುಟ್ಟಿರಲಿಲ್ಲ.

"ಕೆಳಗಿನದು ತುಂಡಾಗಿದೆ, ಮೇಲಿನದು ಇಡಿಯಾಗಿದೆ. ಏನಾಗಿರಬೇಕು?"

ಸುಕೇತು ಬಹಳ ಹೊತ್ತು ನೋಡಿದ.

"ಕಪ್ಪುಮಣ್ಣು ಬಂದು ಕೂರುವ ಮೊದಲೇ ನೆಲ ಸೀಳಿದೆ."

"ಹೂಂ. ಇನ್ನೂ ಕೆಳಗೆ ನೋಡು."

ಅಲ್ಲೊಂದು ಹಳೆಯ ಸೀಳಿತ್ತು. ಅದನ್ನೂ ಮಣ್ಣು ಮುಚ್ಚಿತ್ತು.

"ಅಂದರೆ ಮತ್ತೆ ಮತ್ತೆ ಆಗಿದೆ. ಇನ್ನು ಯಾವಾಗ, ಗುರುಗಳೇ?"

"ಗೊತ್ತಿಲ್ಲ."

ಸುಕೇತು ಗುದ್ದಲಿಯನ್ನು ಬಿಸಾಡಿದ. "ಇಷ್ಟು ಅಗೆದೂ ಗೊತ್ತಿಲ್ಲವೇ?"

"ಯಾವಾಗ ಅನ್ನುವುದು ಗೊತ್ತಿಲ್ಲ. ಎಲ್ಲಿ ಅನ್ನುವುದು ಗೊತ್ತಾಯಿತಲ್ಲ."

ಅವನಿಗೆ ಬಾಯಾರಿತ್ತು. ಒರತೆಗೆ ಹೋಗಿ ಬೊಗಸೆ ತುಂಬಿಕೊಂಡ.

"ಆ ನೀರೂ ಇದೇ ಬಿರುಕಿನಿಂದಲೇ ಮೇಲೆ ಬರುವುದು," ಎಂದರು ಗುರುಗಳು.

ಸುಕೇತು ಬೊಗಸೆ ಬಿಚ್ಚಿದ. ನೀರು ಸೋರಿಹೋಯಿತು. ಗುರುಗಳು ಪಕ್ಕದಲ್ಲೇ ಬಗ್ಗಿ ಹೊಟ್ಟೆ ತುಂಬ ಕುಡಿದರು. ಅಂದಿನಿಂದ ಸುಕೇತು ನದಿಯ ನೀರನ್ನಷ್ಟೇ ಕುಡಿದ.

ಚಳಿಗಾಲ ಮುಗಿಯುತ್ತಿದ್ದಂತೆ ಊರವರು ಒರತೆಯ ಪಕ್ಕದಲ್ಲೇ ಮಕ್ಕಳಿಗೊಂದು ಶಾಲೆ ಕಟ್ಟಲು ಕಲ್ಲು ತಂದು ಹಾಕಿದರು. ಗುರುಗಳು ಊರಿನ ಹಿರಿಯಳಾದ ಬಸಂತಿಯ ಬಳಿಗೆ ಹೋದರು. ಸುಕೇತುವೂ ಹಿಂದೆ ಹೋದ.

"ಇಲ್ಲಿ ಬೇಡಮ್ಮ. ಮೇಲಿನ ದಿಣ್ಣೆಯಲ್ಲಿ ಕಟ್ಟಿ."

"ನೀರಿರುವುದು ಇಲ್ಲಿ ಸ್ವಾಮಿ," ಎಂದಳು ಬಸಂತಿ. "ದಿಣ್ಣೆಗೆ ಯಾರು ಹೊರುತ್ತಾರೆ?"

"ನಾನು."

ಬಸಂತಿ ನಕ್ಕುಬಿಟ್ಟಳು. ಆದರೆ ವಯಸ್ಸಾದ ಗುರುಗಳ ಮುಖದಲ್ಲಿ ನಗುವಿರಲಿಲ್ಲ. ಕಲ್ಲುಗಳನ್ನು ದಿಣ್ಣೆಗೆ ಸಾಗಿಸಲು ಅವಳು ಊರವರಿಗೆ ಹೇಳಿದಳು.

ಶಾಲೆ ದಿಣ್ಣೆಯ ಮೇಲೆ ಎದ್ದಿತು. ಗೋಡೆಗಳಿಗೆ ಅಡ್ಡಡ್ಡ ಮರದ ತೊಲೆ ಕೂರಿಸಿ ಬಿಗಿಯಬೇಕೆಂದು ಸುಕೇತು ಹಟ ಹಿಡಿದ. ಕಟ್ಟು ಇಲ್ಲದ ಗೋಡೆ ಹೇಗೆ ಬೀಳುತ್ತದೆಂದು ಅವನು ಕಂಡಿದ್ದ.

ದಿನವೂ ಬೆಳಿಗ್ಗೆ ಗುರುಗಳು ಕೊಡ ಹೊತ್ತು ದಿಣ್ಣೆ ಹತ್ತಿದರು. ಏದುಸಿರು ಬಿಡುತ್ತಾ, ನಡುನಡುವೆ ಕೂರುತ್ತಾ ಹತ್ತಿದರು. ಸುಕೇತು ಕೆಲವು ದಿನ ನೋಡಿದ. ಆಮೇಲೆ ತಾನೇ ಕೊಡ ಕಸಿದುಕೊಂಡು ಹೊತ್ತ.

ಒಮ್ಮೆ ಬಸಂತಿಯ ಮೊಮ್ಮಗಳು ಗೋಪುಲಿ ಲೋಟದಲ್ಲಿ ನೀರು ತುಂಬಿ ಅವನ ಮುಂದೆ ಹಿಡಿದಳು.

"ನಮಗೆಲ್ಲ ತರುತ್ತೀಯ, ನೀನು ಕುಡಿಯುವುದೇ ಇಲ್ಲವಲ್ಲ, ಅಣ್ಣ?"

ಬೇಡ ಅನ್ನಲು ಅವನಿಂದಾಗಲಿಲ್ಲ. ಕುಡಿದ. ನೀರು ತಣ್ಣಗಿತ್ತು, ಸಿಹಿಯಾಗಿತ್ತು. ಲೋಟ ಹಿಂದಕ್ಕೆ ಕೊಟ್ಟು ಮತ್ತೆ ಕೊಡ ಎತ್ತಿಕೊಂಡ.

ಕೆಲವು ವರ್ಷ ಕಳೆದವು. ಏನೂ ಆಗಲಿಲ್ಲ.

"ನಿಮ್ಮ ಬೆಟ್ಟ ಮರೆತೇಬಿಟ್ಟಿತು, ಸ್ವಾಮಿ," ಎಂದು ಬಸಂತಿ ಛೇಡಿಸಿದಳು.

"ಮರೆತರೆ ನನ್ನಷ್ಟು ಖುಷಿಪಡುವವರು ಯಾರೂ ಇಲ್ಲಮ್ಮ," ಎಂದರು ಗುರುಗಳು.

ಬೆಟ್ಟ ಮರೆತಿರಲಿಲ್ಲ. ಒಂದು ಬೆಳಿಗ್ಗೆ ಸುಕೇತು ಕೊಡ ಹೊತ್ತು ದಾರಿಯ ನಡುವೆ ಇದ್ದಾಗ ನೆಲ ಗುಡುಗಿತು. ಅವನು ಮಗುಚಿ ಬಿದ್ದ, ಕೊಡ ಉರುಳಿಹೋಯಿತು. ತಲೆಯೆತ್ತಿದಾಗ ಕೆಳಗೆ ಒರತೆಯ ಪಕ್ಕದ ಬಯಲು ಉದ್ದಕ್ಕೂ ಸೀಳಿ, ಒಂದು ಮಗ್ಗುಲು ಸೊಂಟದೆತ್ತರ ಮೇಲೆದ್ದಿತ್ತು. ಅಲ್ಲಿದ್ದ ದನದ ಕೊಟ್ಟಿಗೆ ಕಲ್ಲುಗುಡ್ಡೆಯಾಗಿತ್ತು.

ಅವನು ದಿಣ್ಣೆಗೆ ಓಡಿದ. ಕಾಲು ತನ್ನದಲ್ಲವೆಂಬಂತೆ ಓಡಿದ.

ಶಾಲೆಯ ಗೋಡೆ ಬಾಯಿಬಿಟ್ಟಿತ್ತು, ಆದರೆ ನಿಂತಿತ್ತು. ಮಕ್ಕಳೆಲ್ಲ ಅಂಗಳದಲ್ಲಿ ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಿದ್ದರು. ಅವರ ನಡುವೆ ಗುರುಗಳು ಕೂತಿದ್ದರು. ಗೋಪುಲಿ ಅವರ ತೊಡೆಯ ಮೇಲಿದ್ದಳು. ಬಸಂತಿ ಓಡಿಬಂದು ಮೊಮ್ಮಗಳನ್ನು ಎದೆಗವಚಿಕೊಂಡಳು.

ಸುಕೇತು ಕುಸಿದು ಕೂತು ಎರಡೂ ಅಂಗೈಗಳನ್ನು ನೆಲಕ್ಕೂರಿದ. ಅದು ಇನ್ನೂ ಸಣ್ಣಗೆ ನಡುಗುತ್ತಿತ್ತು. ಬಿಕ್ಕಿ ಬಿಕ್ಕಿ ಅತ್ತ.

"ಕೈ ಮುಗಿಯಬೇಕು ಅನ್ನಿಸುತ್ತಿದೆ, ಗುರುಗಳೇ. ಆದರೆ ಯಾರಿಗೆ? ನನ್ನವರನ್ನು ಕೊಂದದ್ದೂ ಇದೇ ನೆಲ. ಎಲ್ಲಿ ಕಟ್ಟಬಾರದೆಂದು ತೋರಿಸಿಕೊಟ್ಟದ್ದೂ ಇದೇ. ಯಾರಿಗೆ ಮುಗಿಯಲಿ?"

ಗುರುಗಳು ಅವನ ತಲೆಯ ಮೇಲಿನ ಧೂಳನ್ನು ಕೈಯಿಂದ ಒರೆಸಿದರು.

"ಮಕ್ಕಳು ಹಸಿದಿದ್ದಾರೆ, ಸುಕೇತು. ಒಲೆ ಹಚ್ಚು. ಯಾರಿಗೆ ಅನ್ನುವುದನ್ನು ಅವರು ಉಂಡ ಮೇಲೆ ಹುಡುಕೋಣ."