ದೊರೆಯ ‘ದಿ’, ಸಿದ್ದಮ್ಮನ ‘ನ’

ಶಾಲೆಯ ತಪಾಸಣೆಗೆ ಬಂದ ಇಂಗ್ಲಿಷ್ ದೊರೆ ಬೆತ್ತದ ಕುರ್ಚಿಯಲ್ಲಿ ಕೂತು ಮೇಷ್ಟರುಗಳಿಗೆ ಹೇಳಿದ: “ಎಲ್ಲರಿಗೂ ಗೊತ್ತಿರುವ ವಸ್ತುವಿಗೆ ನಾವು ‘ದಿ’ ಸೇರಿಸುತ್ತೇವೆ. ನಿಮ್ಮ ಕನ್ನಡದಲ್ಲಿ ಅದಿಲ್ಲ. ಕುಂಟು ಭಾಷೆಗೆ ತರಗತಿ ಯಾಕೆ? ಮುಚ್ಚಿಬಿಡಿ.”

ಕಾಫಿ ತಂದಿದ್ದ ಅಡುಗೆಯ ಸಿದ್ದಮ್ಮನಿಗೆ ಮೈ ಉರಿಯಿತು. ಅವಳ ಮಗಳು ಕಲಿಯುತ್ತಿದ್ದುದು ಅದೇ ತರಗತಿಯಲ್ಲಿ. ಕಸ ಗುಡಿಸುತ್ತಿದ್ದವಳನ್ನು ಕೂಗಿ, “ತಿಪ್ಪಕ್ಕಾ, ಕುರ್ಚಿ ತಾ” ಎಂದಳು. ತಿಪ್ಪಕ್ಕ ಜಗಲಿಯಿಂದ ಯಾವುದೋ ಒಂದು ಕುರ್ಚಿ ತಂದಳು.

“ಈಗ ಕುರ್ಚೀನ ತಾ.”

ತಿಪ್ಪಕ್ಕ ನೆಟ್ಟಗೆ ಹೋಗಿ, ಎಲ್ಲರ ಕಣ್ಣಿದ್ದ ದೊರೆಯ ಕುರ್ಚಿಗೇ ಕೈ ಹಾಕಿದಳು. ದೊರೆ ಗಾಬರಿಯಿಂದ ಎದ್ದು ನಿಂತ.

“ಯಾವ ಕುರ್ಚಿ ಅಂತ ಆಕೆ ಕೇಳಲಿಲ್ಲ ಬುದ್ಧೀ,” ಅಂದಳು ಸಿದ್ದಮ್ಮ. “ನಿಮ್ಮ ‘ದಿ’ ಮಾತಿನ ಮುಂದೆ ಹೋಗುತ್ತೆ, ನಮ್ಮ ‘ನ’ ಹಿಂದೆ ಬರುತ್ತೆ.”

ದೊರೆ ಕೆಂಪಾದ. ಆಮೇಲೆ ತಾನೇ ನಕ್ಕುಬಿಟ್ಟ. ತರಗತಿ ಉಳಿಯಿತು. ಅಂದು ಸಿದ್ದಮ್ಮ ಮಗಳ ಕೈ ಹಿಡಿದು ಊರ ನಡುಬೀದಿಯಲ್ಲೇ ಮನೆಗೆ ನಡೆದಳು, ತಲೆಯೆತ್ತಿಕೊಂಡು.