ಚಂದಕ್ಕನ ಗದ್ದೆಯ ಕೆಂಪುಪ್ಪು

ಒಂದಾನೊಂದು ಕಾಲದಲ್ಲಿ, ನನ್ನಜ್ಜಿಗೂ ಇನ್ನೂ ಹಲ್ಲು ಹುಟ್ಟದೇ ಇದ್ದಾಗ, ಸಮುದ್ರದ ದಂಡೇಲಿ ಚಂದಕ್ಕ ಅಂತ ಒಬ್ಬಳಿದ್ದಳಂತೆ. ಉಪ್ಪಿನ ಗದ್ದೆಯ ಯಜಮಾನತಿ. ಮೂವತ್ತು ಆಳುಗಳು ಮರದ ಹಲಗೆಯಿಂದ ಉಪ್ಪು ಎಳೆದು ರಾಶಿ ಹಾಕೋರು, ಮಲ್ಲಿಗೆಯಂಥ ಉಪ್ಪು, ನೇರ ಅರಮನೆ ಅಡುಗೆಮನೆಗೇ ಹೋಗೋದಂತೆ. ಒಂದು ವರ್ಷ ಚಂದಕ್ಕಂಗೆ ಏನು ಹುಕಿ ಬಂತೋ, ಮೂವತ್ತು ಕಬ್ಬಿಣದ ಹಲಗೆ ಮಾಡಿಸಿ, ಅರಿಶಿನ ಕುಂಕುಮ ಹಚ್ಚಿ, ಆರತಿ ಎತ್ತಿ, ಒಬ್ಬೊಬ್ಬರ ಕೈಗೂ ತಾನೇ ಕೊಟ್ಟಳಂತೆ. ಆಮೇಲೆ ನೋಡು, ಉಪ್ಪು ಕೆಂಪಗೆ ಬರೋಕೆ ಶುರುವಾಯ್ತು. ರಾಜ ಬಾಯಿಗಿಟ್ಟು ಥೂ ಅಂದು, ಹುಣ್ಣಿಮೆಯೊಳಗೆ ಬಿಳಿ ಉಪ್ಪು ಬರದಿದ್ರೆ ಗದ್ದೆ ಬೇರೆಯವರಿಗೆ ಕೊಡ್ತೀನಿ ಅಂತ ಹೇಳಿ ಕಳಿಸಿದನಂತೆ.

ಚಂದಕ್ಕಂಗೆ ಅನ್ನ ಸೇರಲಿಲ್ಲ. ಸಮುದ್ರ ಮುನಿಸಿಕೊಂಡಿದೆ ಅಂತ ತೆಂಗಿನಕಾಯಿ ಬಿಟ್ಟು ನೋಡಿದಳು. ಆಮೇಲೆ ಆಳುಗಳನ್ನ ಸಾಲಾಗಿ ನಿಲ್ಲಿಸಿ, ತಾನು ದಿಬ್ಬದ ಮೇಲೆ ನಿಂತು, ಏನಾದ್ರೂ ತೊಂದ್ರೆ ಇದೆಯೇನ್ರೋ ಅಂತ ಕೇಳಿದಳಂತೆ. ಎಲ್ಲರೂ ನೆಲ ನೋಡಿಕೊಂಡು, ಏನಿಲ್ಲವ್ವ, ಸುಖವಾಗಿದೀವಿ ಅಂದರಂತೆ. ಆಮೇಲೆ ಮೇಸ್ತ್ರಿ ಮಂಕಾಳಯ್ಯನ್ನ ಮನೆಮನೆಗೆ ಕಳಿಸಿದಳು. ಅವನು ಮೀಸೆ ತಿರುವಿಕೊಂಡು ಹೋಗಿ, ಸುಖವಾಗಿದೀರಲ್ಲ ಅಂತ ಕೇಳಿ, ಹೂಂ ಅನ್ನಿಸಿಕೊಂಡು ಬಂದನಂತೆ. ಹಾಗೆ ಕೇಳಿದ್ರೆ ಯಾರು ತಾನೇ ಊಹೂಂ ಅಂತಾರೆ, ನೀನೇ ಹೇಳು.

ಹುಣ್ಣಿಮೆಗೆ ಇನ್ನು ಎಂಟೇ ದಿನ. ಇವರು ಬಾಯಲ್ಲಿ ಹೇಳೋರಲ್ಲ ಅಂತ ಚಂದಕ್ಕಂಗೆ ಹೊಳೀತಂತೆ. ಗುಡಿಸಲೊಳಗೆ ಒಂದು ಮಡಕೆ ಇಟ್ಟು, ಬಾಗಿಲಿಗೆ ಕಂಬಳಿ ಇಳಿಬಿಟ್ಟು, ಒಬ್ಬೊಬ್ಬರೇ ಹೋಗಿ, ನಿಮಗೆ ಯಾವುದು ಕಷ್ಟ ಕೊಡುತ್ತೋ ಅದರದೊಂದು ಚೂರು ಹಾಕಿ ಬನ್ನಿ, ಯಾರು ಹಾಕಿದ್ದು ಅಂತ ನಾನು ಕೇಳೋಲ್ಲ, ಮಂಕಾಳಯ್ಯ, ನೀನೂ ಹೋಗು ಅಂದಳಂತೆ. ಸಾಯಂಕಾಲ ಮಡಕೆ ಬೋರಲು ಹಾಕಿದ್ರೆ ಒಂದು ಮುಳ್ಳು, ಒಂದು ಒಣ ಕರಟ, ಉಳಿದದ್ದೆಲ್ಲ ಕಬ್ಬಿಣದ ತುಕ್ಕಿನ ಚಕ್ಕೆ. ದಾರೀಲಿ ಮುಳ್ಳಿದೆ, ಕುಡಿಯೋಕೆ ನೀರಿಲ್ಲ, ಹಲಗೆಯ ತುಕ್ಕು ಉಪ್ಪಿಗೆ ಇಳೀತಿದೆ ಅಂತ ಅರ್ಥ. ಎಲ್ಲರಿಗೂ ಗೊತ್ತಿತ್ತು, ಅವ್ವ ಆರತಿ ಎತ್ತಿ ಕೊಟ್ಟದ್ದನ್ನ ಕೆಟ್ಟದ್ದು ಅಂತ ಹೇಳೋದು ಹೇಗೆ ಅಂತ ಸುಮ್ಮನಿದ್ದರು. ಮಂಕಾಳಯ್ಯ ಹಾಕಿದ್ದೂ ತುಕ್ಕೇ ಅಂತೆ. ಅಷ್ಟು ದೊಡ್ಡ ಮೀಸೆ ಇಟ್ಟುಕೊಂಡು ಅವನಿಗೂ ಪುಕುಪುಕು.

ಚಂದಕ್ಕಂಗೆ ಮೊದಲು ನಾಚಿಕೆಯಾಯ್ತು, ಆಮೇಲೆ ನಗು ಬಂತು. ದಿಬ್ಬ ಇಳಿದು ಅವರ ಮಧ್ಯೆ ಬಂದು, ತಪ್ಪು ನನ್ನದೇ ಕಣ್ರೋ ಅಂದಳಂತೆ. ಅಂದದ್ದೇ ತಡ, ಎಲ್ಲರೂ ಮನೆ ಸೂರಿಗೆ ಸಿಕ್ಕಿಸಿಟ್ಟಿದ್ದ ಹಳೇ ಮರದ ಹಲಗೆ ಎಳೆದು ತಂದರು. ಚಂದಕ್ಕ ದಾರಿಯ ಮುಳ್ಳು ಕಡಿಸಿದಳು, ಗದ್ದೆ ಬದಿಗೆ ಸಿಹಿನೀರಿನ ಹಂಡೆ ಇಡಿಸಿದಳು. ಹುಣ್ಣಿಮೆ ದಿನ ಬೆಳ್ಳನೆ ಉಪ್ಪು ಅರಮನೆಗೆ ಹೋಯ್ತು, ಗದ್ದೆ ಉಳೀತು.

ಆಮೇಲಿಂದ ಪ್ರತಿ ಹುಣ್ಣಿಮೆಗೂ ಮಡಕೆ ಇಡೋಳಂತೆ, ಅದರಲ್ಲಿ ಬಂದದ್ದನ್ನ ಸರಿ ಮಾಡೋಳಂತೆ. ಒಂದು ಸಲ ನೋಡ್ತಾಳೆ, ಮಡಕೆ ಖಾಲಿ. ಮತ್ತೆ ನನಗೆ ಹೆದರಿಕೊಂಡ್ರೇನೋ ಅಂತ ಓಡಿ ಹೋಗಿ, ಬೊಮ್ಮಿ ಅನ್ನೋ ಆಳು ಹೆಂಗಸನ್ನ ಕೇಳಿದಳಂತೆ. ಬೊಮ್ಮಿ ಸೊಂಟದ ಮೇಲೆ ಕೈಯಿಟ್ಟು, ನೀನೇ ಎದುರಿಗೆ ಸಿಗ್ತೀಯಲ್ಲವ್ವ, ಮಡಕೆಗೆ ಯಾಕೆ ಹೇಳ್ಬೇಕು, ಇಷ್ಟೆತ್ತರ ಉಪ್ಪಿನ ರಾಶಿ ಇಟ್ಕೊಂಡು, ಇವತ್ತು ನೀನು ಕಳಿಸಿದ ಗಂಜೀಲಿ ಒಂದು ಹರಳು ಉಪ್ಪಿಲ್ಲ ಅಂದಳಂತೆ. ಚಂದಕ್ಕ ಸೆರಗಿಗೆ ಉಪ್ಪು ತುಂಬಿಕೊಂಡು ಅಡುಗೆಮನೆಗೆ ಓಡಿದಳಂತೆ. ಅಲ್ಲಿಗೆ ಅವರ ಗಂಜಿ ರುಚಿಯಾಯ್ತು, ನಮ್ಮ ಕತೆ ಮುಗೀತು. ಕಣ್ಣು ಮುಚ್ಚು ಮಗಾ.